ಒಂದು ಪಿಎಲ್‌ಸಿ ಕೈಕೊಟ್ಟರೆ ಆರೂ ಫರ್ನೇಸಿನ ಸ್ಕ್ರೀನ್ ಯಾಕೆ ನಿಲ್ಲಬೇಕು?

ಓದುಗರ ಪ್ರಶ್ನೆ:

"ಸರ್, ಪೀಣ್ಯ ಎರಡನೇ ಹಂತದ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಆರು ಫರ್ನೇಸ್, ಒಂದೊಂದಕ್ಕೂ ಒಂದು ಪಿಎಲ್‌ಸಿ (ಯಂತ್ರ ನಡೆಸುವ ಸಣ್ಣ ಕಂಪ್ಯೂಟರ್). ಆರೂ ಒಂದು ನೆಟ್‌ವರ್ಕ್ ಸ್ವಿಚ್ ಮೂಲಕ ಕ್ಯಾಬಿನ್‌ನಲ್ಲಿರುವ ವಿಂಡೋಸ್ ಪಿಸಿಗೆ ಬರುತ್ತವೆ. ಮಾತಾಡುವ ಭಾಷೆ ಮಾಡ್‌ಬಸ್ ಟಿಸಿಪಿ. ಸಾಫ್ಟ್‌ವೇರ್ ಸಿ ಶಾರ್ಪ್‌ನಲ್ಲಿದೆ. ಬರೆದುಕೊಟ್ಟವರು ಈಗ ಸಿಗುವುದಿಲ್ಲ. ಸೋರ್ಸ್ ಕೋಡ್ ನಮ್ಮ ಹತ್ತಿರ ಇದೆ, ನನಗೂ ಅಷ್ಟೋ ಇಷ್ಟೋ ಬರುತ್ತದೆ. ಹೋದ ತಿಂಗಳು ಮೂರನೇ ಫರ್ನೇಸ್ ಪ್ಯಾನೆಲಿನ ಎಸ್‌ಎಂಪಿಎಸ್ (ಪಿಎಲ್‌ಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಸುಟ್ಟುಹೋಯಿತು. ಆ ಕ್ಷಣದಿಂದ ಇಡೀ ಸ್ಕ್ರೀನ್ ಹ್ಯಾಂಗ್. 20 ಸೆಕೆಂಡಿಗೊಮ್ಮೆ ಒಂದು ಚೂರು ಜೀವ ಬಂದ ಹಾಗೆ ಆಗಿ, ಮತ್ತೆ 'ನಾಟ್ ರೆಸ್ಪಾಂಡಿಂಗ್'. ಆಪರೇಟರ್ ಎರಡು ಸಲ ಪಿಸಿ ರೀಸ್ಟಾರ್ಟ್ ಮಾಡಿದರು. ಅಷ್ಟರಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಐದನೇ ಫರ್ನೇಸಿನ ಚಾರ್ಟಿನಲ್ಲಿ 40 ನಿಮಿಷ ಖಾಲಿ. ಕಸ್ಟಮರ್ ಆ ಬ್ಯಾಚ್ ವಾಪಸ್ ಕಳಿಸಿದರು. ಮಾಲೀಕರು ಹೊಸ ಪಿಸಿ ತೆಗೆಸೋಣ ಅನ್ನುತ್ತಾರೆ. ನೆಟ್‌ವರ್ಕ್‌ನವರು 'ಮೊದಲು ಪಿಂಗ್ ಮಾಡಿ (ಇದ್ದೀಯಾ ಅಂತ ನೆಟ್‌ವರ್ಕ್‌ನಲ್ಲಿ ಕೇಳಿ), ಉತ್ತರ ಬಂದರೆ ಮಾತ್ರ ಓದಿ' ಅನ್ನುತ್ತಾರೆ. ಇನ್ನೊಬ್ಬರು ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗಡುವು) ಜಾಸ್ತಿ ಮಾಡಿ ಅಂದರು. ವಿಚಿತ್ರ ಏನೆಂದರೆ, ಪಿಸಿಯ ಹಿಂದಿನ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿದರೆ ಏನೂ ಹ್ಯಾಂಗ್ ಆಗುವುದಿಲ್ಲ, ತಕ್ಷಣ ಕೆಂಪು ಎರರ್ ಬರುತ್ತದೆ. ಹಾಗಾದರೆ ಅವತ್ತು ಯಾಕೆ ಹಾಗಾಯಿತು? ಈಗ ಏನು ಮಾಡಬೇಕು?"

ಉತ್ತರ:

ನಿಮ್ಮ ಪತ್ರದಲ್ಲೇ ಎರಡು ಒಳ್ಳೆಯ ಸುಳಿವುಗಳಿವೆ. ಒಂದು ಆ 20 ಸೆಕೆಂಡ್. ಇನ್ನೊಂದು, ಪಿಸಿ ಹತ್ತಿರ ಕೇಬಲ್ ಕಿತ್ತರೆ ಏನೂ ಆಗುವುದಿಲ್ಲ ಅನ್ನುವುದು. ಇವೆರಡನ್ನು ಓದಿದ ಮೇಲೆ ಕೋಡ್ ನೋಡದೆಯೇ ಒಳಗೆ ಏನಿದೆ ಅಂತ ಊಹಿಸಬಲ್ಲೆ. ಸ್ಕ್ರೀನ್ ಫಾರ್ಮಿನ ಮೇಲೆ ಒಂದು ಟೈಮರ್ ಕೂತಿದೆ. ಸೆಕೆಂಡಿಗೊಮ್ಮೆ ಅದು ಎದ್ದು ಒಂದನೇ ಪಿಎಲ್‌ಸಿ ಓದು, ಎರಡನೇದು ಓದು, ಮೂರನೇದು ಓದು ಅಂತ ಸಾಲಾಗಿ ಹೋಗುತ್ತದೆ. ಕನೆಕ್ಷನ್ ಕಡಿದಿದ್ದರೆ ಅಲ್ಲೇ ನಿಂತು ಕನೆಕ್ಟ್ ಮಾಡಲು ನೋಡುತ್ತದೆ. ಹೌದು ತಾನೇ? ಬರೆದುಕೊಟ್ಟವರನ್ನು ಬೈಯಬೇಡಿ. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಬರೆದದ್ದೂ ಇದೇ ಕೋಡ್. ಎಲ್ಲ ಪಿಎಲ್‌ಸಿಯೂ ಆರೋಗ್ಯವಾಗಿರುವ ತನಕ ಅದು ಎಷ್ಟು ಚೆಂದ ಓಡುತ್ತದೆ ಅಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ.

ದರ್ಶಿನಿಯ ಕ್ಯಾಷ್ ಕೌಂಟರ್ ನೆನೆಸಿಕೊಳ್ಳಿ. ಕ್ಯಾಷಿಯರ್ ಟೋಕನ್ ಹರಿದು ಕೊಡುತ್ತಾನೆ, ದೋಸೆಯವನು ದೋಸೆ ಹುಯ್ಯುತ್ತಾನೆ, ಕಾಫಿಯವನು ಕಾಫಿ ಬೆರೆಸುತ್ತಾನೆ. ದೋಸೆ ಕಾವಲಿಯ ಗ್ಯಾಸ್ ಮುಗಿದರೆ ದೋಸೆ ಮಾತ್ರ ನಿಲ್ಲುತ್ತದೆ, ಇಡ್ಲಿ ಕಾಫಿ ನಡೆಯುತ್ತಲೇ ಇರುತ್ತವೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಕ್ಯಾಷಿಯರೇ ಎದ್ದುಹೋಗಿ ಕಾವಲಿ ಮುಂದೆ ದೋಸೆಗೆ ಕಾಯುತ್ತಾ ನಿಂತಿದ್ದಾನೆ. ಗ್ಯಾಸ್ ಇಲ್ಲ. ಅವನಿಗೆ ಅದು ಗೊತ್ತಿಲ್ಲ. ಕ್ಯೂ ಬೀದಿ ತನಕ ಬಂದಿದೆ.

ವಿಂಡೋಸ್‌ನಲ್ಲಿ ಸ್ಕ್ರೀನ್ ಬರೆಯುವುದು, ಮೌಸ್ ಕ್ಲಿಕ್ ಕೇಳಿಸಿಕೊಳ್ಳುವುದು ಎಲ್ಲ ಒಂದೇ ಥ್ರೆಡ್‌ನ (ಪ್ರೋಗ್ರಾಂ ಒಳಗೆ ಒಂದಾದ ಮೇಲೊಂದು ಕೆಲಸ ಮಾಡುವ ಒಬ್ಬ ಕೆಲಸಗಾರನ) ಕೆಲಸ. ಅದು ಬೇರೆಲ್ಲೋ ಸಿಕ್ಕಿಹಾಕಿಕೊಂಡು 5 ಸೆಕೆಂಡ್ ಮಾತಾಡದಿದ್ದರೆ ವಿಂಡೋಸ್ ಆ ವಿಂಡೋಗೆ 'ನಾಟ್ ರೆಸ್ಪಾಂಡಿಂಗ್' ಅಂತ ಬೋರ್ಡ್ ಹಾಕುತ್ತದೆ. ನಿಮ್ಮ ಥ್ರೆಡ್ ಎಲ್ಲಿ ಸಿಕ್ಕಿಹಾಕಿಕೊಂಡಿತು? ಕನೆಕ್ಟ್ ಅನ್ನುವ ಒಂದು ಸಾಲಿನಲ್ಲಿ. ಎದುರುಗಡೆ ಉತ್ತರವೇ ಇಲ್ಲದಿದ್ದರೆ, ಬಹಳಷ್ಟು ಆವೃತ್ತಿಗಳಲ್ಲಿ ವಿಂಡೋಸ್ ಒಮ್ಮೆ ಕರೆದು 3 ಸೆಕೆಂಡ್ ಕಾಯುತ್ತದೆ, ಮತ್ತೆ ಕರೆದು 6 ಸೆಕೆಂಡ್, ಇನ್ನೊಮ್ಮೆ ಕರೆದು 12 ಸೆಕೆಂಡ್. ಒಟ್ಟು 21. ಆಮೇಲೆ ಕೈಬಿಡುತ್ತದೆ. ಉಳಿದ ಐದು ಪಿಎಲ್‌ಸಿ ಓದಲು ಒಂದು ಸೆಕೆಂಡೂ ಬೇಡ. ಹಾಗಾಗಿ 21 ಸೆಕೆಂಡ್ ಹೆಣ, ಕಣ್ಣು ಮಿಟುಕಿಸುವಷ್ಟು ಹೊತ್ತು ಜೀವ, ಮತ್ತೆ 21 ಸೆಕೆಂಡ್ ಹೆಣ. ನೀವು ಗಮನಿಸಿದ '20 ಸೆಕೆಂಡಿಗೊಮ್ಮೆ' ಇದೇ. ಎರಡು ಪ್ಯಾನೆಲ್ ಒಟ್ಟಿಗೆ ಹೋಗಿದ್ದರೆ ಅದು 42 ಆಗುತ್ತಿತ್ತು.

ಈಗ ಕೇಬಲ್ ಕಿತ್ತ ಕಥೆ. ಪಿಸಿಯ ಹಿಂದಿನ ಕೇಬಲ್ ಕಿತ್ತರೆ ನೆಟ್‌ವರ್ಕ್ ಕಾರ್ಡಿಗೆ ಲಿಂಕ್ ಹೋಯಿತು ಅಂತ ಅದೇ ಕ್ಷಣ ಗೊತ್ತಾಗುತ್ತದೆ. ವಿಂಡೋಸ್ 'ದಾರಿಯೇ ಇಲ್ಲ' ಅಂತ ಕೂಡಲೇ ಎರರ್ ಕೊಡುತ್ತದೆ, ನಿಮ್ಮ ಕೋಡ್ ಅದನ್ನು ಹಿಡಿದು ಕೆಂಪು ತೋರಿಸುತ್ತದೆ. ಆದರೆ ಮೂರನೇ ಪ್ಯಾನೆಲಿನ ಎಸ್‌ಎಂಪಿಎಸ್ ಸುಟ್ಟಾಗ ಪಿಸಿ ಮತ್ತು ಸ್ವಿಚ್ ನಡುವಿನ ಲಿಂಕ್ ಗಟ್ಟಿಯಾಗಿಯೇ ಇತ್ತು. ಪಿಸಿಯ ಹಸಿರು ದೀಪ ಮಿನುಗುತ್ತಲೇ ಇತ್ತು. ಸ್ವಿಚ್‌ನ ಆಚೆ ಕಡೆ ಸತ್ತದ್ದು ಪಿಸಿಗೆ ತಿಳಿಯುವ ದಾರಿಯೇ ಇರಲಿಲ್ಲ. 'ಮನೆಯಲ್ಲಿ ಇಲ್ಲ' ಅಂತ ಯಾರಾದರೂ ಹೇಳಿದರೆ ವಾಪಸ್ ಬರಬಹುದು. ಯಾರೂ ಏನೂ ಹೇಳದಿದ್ದರೆ ಬಾಗಿಲ ಮುಂದೆ ಎಷ್ಟು ಹೊತ್ತು ನಿಲ್ಲುತ್ತೀರಿ? ನೀವು ಪರೀಕ್ಷೆ ಮಾಡಿದ್ದು ಮೊದಲನೆಯದನ್ನು. ಅವತ್ತು ಆಗಿದ್ದು ಎರಡನೆಯದು. ನಮ್ಮ ಆಫೀಸಿನಲ್ಲೂ ಎಷ್ಟೋ ವರ್ಷ ಟೇಬಲ್ ಮೇಲೆ ಪಿಸಿ ಕೇಬಲ್ ಕಿತ್ತು 'ಪಾಸ್' ಅಂತ ಬರೆದುಕೊಂಡಿದ್ದೇವೆ. ಆಮೇಲೆ ಸೈಟ್‌ನಲ್ಲಿ ಮುಖಕ್ಕೆ ಮಂಗಳಾರತಿ.

ಇಷ್ಟು ಗೊತ್ತಾದ ಮೇಲೆ ನಿಮಗೆ ಬಂದ ಸಲಹೆಗಳನ್ನು ನೋಡೋಣ.

ಹೊಸ ಪಿಸಿ: ಬೇಡ. ಎಷ್ಟೇ ವೇಗದ ಪ್ರೊಸೆಸರ್ ಇದ್ದರೂ 21 ಸೆಕೆಂಡ್ ಕಾಯುವುದು 21 ಸೆಕೆಂಡೇ. ಹ್ಯಾಂಗ್ ಆದ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ದರೆ ಸಿಪಿಯು ಬಳಕೆ ಸೊನ್ನೆಯ ಹತ್ತಿರ ಇರುತ್ತಿತ್ತು. ಮಾಲೀಕರಿಗೆ ಅದೊಂದನ್ನು ತೋರಿಸಿದರೆ ಸಾಕು.

ಟೈಮ್‌ಔಟ್ ಜಾಸ್ತಿ ಮಾಡುವುದು: ಈಗಿರುವ ಕೋಡಿನಲ್ಲಿ ಇದು ಗಾಯಕ್ಕೆ ಉಪ್ಪು ಸವರಿದ ಹಾಗೆ. ಕಾಯುವುದೇ ರೋಗ, ಇನ್ನೂ ಜಾಸ್ತಿ ಕಾಯಿ ಅಂದರೆ?

ಪಿಂಗ್: ಇದು ಬುದ್ಧಿವಂತಿಕೆ ಅನ್ನಿಸುತ್ತದೆ, ಅದಕ್ಕೇ ಜಾಸ್ತಿ ಅಪಾಯ. ಪಿಂಗ್‌ಗೆ ಉತ್ತರ ಕೊಡುವುದು ನೆಟ್‌ವರ್ಕ್ ಪೋರ್ಟ್, ಪಿಎಲ್‌ಸಿ ಒಳಗೆ ಓಡುವ ನಿಮ್ಮ ಲ್ಯಾಡರ್ ಪ್ರೋಗ್ರಾಂ ಅಲ್ಲ. ಪಿಎಲ್‌ಸಿ ಸ್ಟಾಪ್ ಮೋಡ್‌ನಲ್ಲಿದ್ದರೂ, ಅಂದರೆ ಆ ಪ್ರೋಗ್ರಾಂ ನಿಂತಿದ್ದರೂ, ಪಿಂಗ್ ಬರುತ್ತದೆ. ಜೊತೆಗೆ, ಪಿಂಗ್ ಬಂದ ಮರುಕ್ಷಣ ಪಿಎಲ್‌ಸಿ ಸಾಯಬಹುದು, ಆಗ ಮತ್ತೆ ಅದೇ ಹ್ಯಾಂಗ್. ಇನ್ನು ಪಿಂಗ್‌ಗೂ ಕಾಯಲೇಬೇಕಲ್ಲ, ಅದನ್ನೂ ಸ್ಕ್ರೀನ್ ಥ್ರೆಡ್‌ನಲ್ಲೇ ಮಾಡಿದರೆ ಸಿಕ್ಕಿದ್ದೇನು?

ನೀವು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ನಿಮ್ಮ ಕೋಡಿನಲ್ಲಿ ಅಲ್ಲಲ್ಲಿ ಡೂಇವೆಂಟ್ಸ್ ಅನ್ನುವ (ನಡುವೆ ನಿಂತು ಬಾಕಿ ಕ್ಲಿಕ್‌ಗಳನ್ನು ನೋಡಿಕೊಳ್ಳುವ) ಕರೆ ಇದ್ದರೆ ಅದು ತೇಪೆ. ಕಾಯುವ ಸಾಲಿನ ಒಳಗೆ ಅದರದ್ದೇನೂ ನಡೆಯುವುದಿಲ್ಲ. ಬದಲಿಗೆ, ಒಂದು ಕ್ಲಿಕ್ ಮುಗಿಯುವ ಮೊದಲೇ ಅದೇ ಬಟನ್ನಿನ ಇನ್ನೊಂದು ಕ್ಲಿಕ್ ಒಳಗೆ ನುಗ್ಗುವ ಹೊಸ ತೊಂದರೆ ಹುಟ್ಟುತ್ತದೆ.

ಹಾಗಾದರೆ ಸರಿಯಾದ ದಾರಿ? ಕ್ಯಾಷಿಯರನ್ನು ಕೌಂಟರ್‌ನಲ್ಲೇ ಕೂರಿಸುವುದು. ಪ್ರತಿ ಪಿಎಲ್‌ಸಿಗೂ ಒಂದೊಂದು ಪ್ರತ್ಯೇಕ ಥ್ರೆಡ್ ಅಥವಾ ಟಾಸ್ಕ್ ಇರಲಿ. ಅದರ ಕೆಲಸ ತನ್ನ ಪಿಎಲ್‌ಸಿ ಜೊತೆ ಮಾತಾಡಿ, ಸಿಕ್ಕ ಅಂಕಿಗಳನ್ನು ಮೆಮೊರಿಯಲ್ಲಿರುವ ಒಂದು ಟೇಬಲ್‌ಗೆ ಹಾಕುವುದು, ಅಷ್ಟೇ. ಸ್ಕ್ರೀನ್ ಆ ಟೇಬಲ್ ನೋಡಿ ಬರೆಯುತ್ತದೆ. ತಂತಿಯ ಕಡೆ ತಲೆಯೇ ಹಾಕುವುದಿಲ್ಲ. ಚಾರ್ಟ್ ದಾಖಲಿಸುವ ಭಾಗವೂ ಇನ್ನೊಂದು ಥ್ರೆಡ್‌ನಲ್ಲಿ ಕೂತು ಅದೇ ಟೇಬಲ್ ನೋಡುತ್ತದೆ. ಮೂರನೇ ಪಿಎಲ್‌ಸಿಯ ಥ್ರೆಡ್ 21 ಸೆಕೆಂಡ್ ಅಲ್ಲ, ಇಡೀ ದಿನ ಕಾದರೂ ಐದನೇ ಫರ್ನೇಸಿನ ಚಾರ್ಟ್ ಗೆರೆ ಎಳೆಯುತ್ತಲೇ ಇರುತ್ತದೆ. ಡೇಟಾಬೇಸ್ ಬೇರೆ ಸರ್ವರ್‌ನಲ್ಲಿದ್ದರೆ ಅದೂ ಒಂದು ದಿನ ಕೈಕೊಡುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮೊದಲು ಲೋಕಲ್ ಡಿಸ್ಕ್‌ಗೆ ಬರೆದು, ಆಮೇಲೆ ನಿಧಾನವಾಗಿ ಸರ್ವರ್‌ಗೆ ಕಳಿಸಿ.

'ಥ್ರೆಡ್ ಹಾಕಿದ್ದೇವೆ ಸರ್, ಆದರೂ ಹ್ಯಾಂಗ್ ಆಗುತ್ತದೆ' ಅಂತ ನನಗೆ ಬರುವ ಫೋನ್‌ಗಳು ಕಡಿಮೆ ಏನಲ್ಲ. ಹೋಗಿ ನೋಡಿದರೆ ಹೆಚ್ಚಾಗಿ ಕಾರಣ ಒಂದೇ. ಇಬ್ಬರು ಒಟ್ಟಿಗೆ ಮುಟ್ಟದ ಹಾಗೆ ಟೇಬಲ್‌ಗೆ ಲಾಕ್ ಹಾಕಿದ್ದಾರೆ, ಅದು ಸರಿ. ಆದರೆ ಲಾಕ್ ಹಿಡಿದುಕೊಂಡೇ ಪಿಎಲ್‌ಸಿ ಜೊತೆ ಮಾತಾಡಲು ಹೋಗಿದ್ದಾರೆ. ಸ್ಕ್ರೀನ್ ಬಂದು ಲಾಕ್‌ಗೆ ಕಾಯುತ್ತದೆ, ಲಾಕ್ ಹಿಡಿದವನು ಸತ್ತ ಪಿಎಲ್‌ಸಿಗೆ ಕಾಯುತ್ತಾನೆ. ಎಲ್ಲ ಮೊದಲಿನ ಹಾಗೆಯೇ. ಮಾತು ಮುಗಿಸಿ, ಉತ್ತರ ಕೈಗೆ ಬಂದ ಮೇಲೆ ಲಾಕ್ ಹಿಡಿದು, ಅಂಕಿ ಹಾಕಿ, ಬಿಟ್ಟುಬಿಡಿ. ಲಾಕ್ ಕೈಯಲ್ಲಿರುವುದು ಮಿಲಿಸೆಕೆಂಡ್‌ಗಿಂತ ಕಡಿಮೆ ಇರಬೇಕು.

ಟೈಮ್‌ಔಟ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಎಡವುವುದು ಇಲ್ಲೇ ಜಾಸ್ತಿ. ಸಿ ಶಾರ್ಪ್‌ನ ಟಿಸಿಪಿ ಕ್ಲೈಂಟ್‌ನಲ್ಲಿ ರಿಸೀವ್‌ಟೈಮ್‌ಔಟ್ ಅನ್ನುವುದು ನೀವು ಏನೂ ಹಾಕದಿದ್ದರೆ ಸೊನ್ನೆ. ಸೊನ್ನೆ ಅಂದರೆ 'ಎಷ್ಟಾದರೂ ಕಾಯಿ' ಅಂತ ಅರ್ಥ. 1000 ಮಿಲಿಸೆಕೆಂಡ್ ಅಂತ ಹಾಕಿದ್ದೀರಿ ಅಂದುಕೊಳ್ಳೋಣ, ನೆಮ್ಮದಿಯಾಗಿ ಮಲಗಬೇಡಿ. ಅದು ಕನೆಕ್ಟ್‌ಗೆ ಅನ್ವಯಿಸುವುದಿಲ್ಲ. ಅಸಿಂಕ್ (ನಿಂತು ಕಾಯದ) ರೀಡ್‌ಗೂ ಅನ್ವಯಿಸುವುದಿಲ್ಲ. ಮಾಮೂಲಿ ನಿಂತು ಓದುವ ರೀಡ್‌ಗೆ ಮಾತ್ರ. ಕನೆಕ್ಟ್‌ಗೆ ನೀವೇ ಬೇರೆ ಗಡುವು ಕಟ್ಟಬೇಕು. 2 ಸೆಕೆಂಡ್‌ನಲ್ಲಿ ಆಗದಿದ್ದರೆ ಸಾಕೆಟ್ (ಆ ಕನೆಕ್ಷನ್ನಿನ ನಿಮ್ಮ ಕಡೆಯ ತುದಿ) ಮುಚ್ಚಿ ಬಿಡಿ. 'ಟಿಸಿಪಿ ಕೀಪ್‌ಅಲೈವ್ ಇದೆಯಲ್ಲ' ಅನ್ನುವವರೂ ಇದ್ದಾರೆ. ಸುಮ್ಮನಿರುವ ಕನೆಕ್ಷನ್ ಇನ್ನೂ ಬದುಕಿದೆಯೇ ಅಂತ ನೋಡುವ ಏರ್ಪಾಡು ಅದು. ಅದನ್ನು ನಾವೇ ಆನ್ ಮಾಡಬೇಕು, ಮಾಡಿದರೂ ಮೊದಲ ಪರೀಕ್ಷೆಗೆ ಮಾಮೂಲಿ ಗಡುವು 2 ಗಂಟೆ. ಫರ್ನೇಸಿನಲ್ಲಿ 2 ಗಂಟೆ ಅಂದರೆ ಒಂದು ಬ್ಯಾಚ್ ಒಳಗೆ ಹೋಗಿ ಹೊರಗೆ ಬಂದಿರುತ್ತದೆ.

ಹಾಗಂತ ಗಡುವನ್ನು ತೀರಾ ಬಿಗಿ ಮಾಡಬೇಡಿ. ಪಿಎಲ್‌ಸಿ ಯಾವಾಗಲೋ ಒಮ್ಮೆ ಬೇರೆ ಕೆಲಸದಲ್ಲಿದ್ದು 300 ಮಿಲಿಸೆಕೆಂಡ್ ತಡ ಮಾಡಬಹುದು. ನೀವು 100ಕ್ಕೆ ಕಟ್ಟಿದ್ದರೆ ಬದುಕಿರುವವನನ್ನೇ ಸತ್ತ ಅಂತ ಸಾರಿಬಿಡುತ್ತೀರಿ. ನಾನು ಮಾಡುವುದು ಇಷ್ಟು: ಒಂದು ವಾರ ಪ್ರತಿ ಉತ್ತರಕ್ಕೂ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡುತ್ತೇನೆ, ಅತಿ ತಡವಾದದ್ದರ ಮೂರು ಪಟ್ಟನ್ನು ಗಡುವಾಗಿ ಇಡುತ್ತೇನೆ. ಸುಮ್ನೆ ಅಂದಾಜಿಗಿಂತ ಇದು ಎಷ್ಟೋ ವಾಸಿ.

ತಡವಾಗಿ ಬಂದ ಉತ್ತರ ಇನ್ನೊಂದು ಕಿತಾಪತಿ ಮಾಡುತ್ತದೆ. ನೀವು ತಾಪಮಾನ ಕೇಳಿದಿರಿ, ಗಡುವು ಮೀರಿತು, ಬಿಟ್ಟು ಸೆಟ್‌ಪಾಯಿಂಟ್ (ಇರಬೇಕಾದ ತಾಪಮಾನ) ಕೇಳಿದಿರಿ. ಆಗ ಹಳೆಯ ಪ್ರಶ್ನೆಯ ಉತ್ತರ ಬಂದು ಬೀಳುತ್ತದೆ. ಕೋಡ್ ಅದನ್ನು ಸೆಟ್‌ಪಾಯಿಂಟ್ ಅಂತ ತಿಳಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಲ್ಲ ಉತ್ತರಗಳೂ ಒಂದು ಮನೆ ಪಕ್ಕಕ್ಕೆ. ಮಾಡ್‌ಬಸ್ ಟಿಸಿಪಿಯಲ್ಲಿ ಪ್ರತಿ ಪ್ರಶ್ನೆಯ ಮೊದಲ ಎರಡು ಬೈಟ್ ಒಂದು ಕ್ರಮಸಂಖ್ಯೆ, ಉತ್ತರದಲ್ಲೂ ಅದೇ ವಾಪಸ್ ಬರುತ್ತದೆ. ಎಷ್ಟೋ ಕೋಡಿನಲ್ಲಿ ಅದಕ್ಕೆ ಯಾವಾಗಲೂ ಸೊನ್ನೆ ಹಾಕಿ ಕಳಿಸುತ್ತಾರೆ, ಬಂದಾಗ ನೋಡುವುದೂ ಇಲ್ಲ. ನಿಮ್ಮದರಲ್ಲಿ ಹೇಗಿದೆ ನೋಡಿ. ಪ್ರತಿ ಸಲ ಒಂದು ಹೆಚ್ಚಿಸಿ ಕಳಿಸಿ, ಹೊಂದದ ಉತ್ತರವನ್ನು ಬಿಸಾಕಿ. ಗಡುವು ಮೀರಿದ ಮೇಲೆ ಸಾಕೆಟ್ ಮುಚ್ಚಿ ಹೊಸದು ತೆರೆಯುವುದು ಇನ್ನೂ ಸುರಕ್ಷಿತ.

ಆದರೆ ಹೊಸದು ತೆರೆಯುವ ಆತುರಕ್ಕೂ ಕಡಿವಾಣ ಬೇಕು. ಸಣ್ಣ ಪಿಎಲ್‌ಸಿಗಳು ಏಕಕಾಲಕ್ಕೆ ಕೆಲವೇ ಕನೆಕ್ಷನ್ ಇಟ್ಟುಕೊಳ್ಳುತ್ತವೆ. ನಡುವೆ ಕೇಬಲ್ ಸಡಿಲವಾಗಿ ಕಡಿದುಹೋದರೆ ಪಿಎಲ್‌ಸಿ ಕಡೆ ಹಳೆಯ ಕನೆಕ್ಷನ್ ಇನ್ನೂ ಬದುಕಿದೆ ಅಂತಲೇ ಇರುತ್ತದೆ. ಸೆಕೆಂಡಿಗೊಂದು ಹೊಸದು ತೆರೆಯುತ್ತಾ ಹೋದರೆ ಇರುವ ಜಾಗವೆಲ್ಲ ಭೂತಗಳಿಂದ ತುಂಬಿ, ಕೇಬಲ್ ಸರಿಹೋದ ಮೇಲೂ ನಿಮಗೇ ಒಳಗೆ ಜಾಗ ಸಿಗುವುದಿಲ್ಲ. ಆಗ ಪಿಎಲ್‌ಸಿಯನ್ನೇ ಆಫ್ ಮಾಡಿ ಆನ್ ಮಾಡಬೇಕಾಗುತ್ತದೆ. ಆದ್ದರಿಂದ ಸೋತರೆ 1 ಸೆಕೆಂಡ್ ಬಿಟ್ಟು, ಮತ್ತೆ ಸೋತರೆ 2, ಆಮೇಲೆ 5, 10, ಕೊನೆಗೆ 30 ಸೆಕೆಂಡಿಗೊಮ್ಮೆ ಪ್ರಯತ್ನಿಸಿ.

ನಿಮ್ಮಲ್ಲಿ ಈಥರ್‌ನೆಟ್ ಇದೆ, ಅದು ಅದೃಷ್ಟ. ಪೀಣ್ಯದಲ್ಲೇ ಎಷ್ಟೋ ಕಡೆ ಒಂದೇ ಆರ್‌ಎಸ್ 485 ಜೋಡಿ ತಂತಿಯ ಮೇಲೆ 20 ಟೆಂಪರೇಚರ್ ಕಂಟ್ರೋಲರ್ ಕೂತಿರುತ್ತವೆ. ಓದುತ್ತಿರುವವರಲ್ಲಿ ಅಂಥವರೂ ಇರಬಹುದು. ಅಲ್ಲಿ ಥ್ರೆಡ್ ಹಂಚಿ ಪ್ರಯೋಜನವಿಲ್ಲ, ತಂತಿ ಒಂದೇ, ಒಬ್ಬರಾದ ಮೇಲೆ ಒಬ್ಬರೇ ಮಾತಾಡಬೇಕು. ಲೆಕ್ಕ ಹಾಕಿ ನೋಡಿ. 9600 ಬಾಡ್ ವೇಗದಲ್ಲಿ ಒಂದು ಬೈಟ್‌ಗೆ 1 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ. 10 ರಿಜಿಸ್ಟರ್ (ಅಂಕಿ ಇಡುವ ಜಾಗ) ಕೇಳಲು 8 ಬೈಟ್, ಉತ್ತರ 25 ಬೈಟ್. ಕಂಟ್ರೋಲರ್ ಯೋಚಿಸುವ ಹೊತ್ತೂ ಸೇರಿ 60 ಮಿಲಿಸೆಕೆಂಡ್ ಅನ್ನಿ. 20 ಕಂಟ್ರೋಲರ್‌ಗೆ 1.2 ಸೆಕೆಂಡ್, ಚೆನ್ನಾಗಿದೆ. ಈಗ ಒಂದು ಸತ್ತಿತು. ಗಡುವು 1 ಸೆಕೆಂಡ್, ಮೂರು ಪ್ರಯತ್ನ. ಅದೊಂದರಿಂದಲೇ ಸುತ್ತು 4 ಸೆಕೆಂಡ್ ದಾಟುತ್ತದೆ. ಒಂದೊಂದರಿಂದ ಐದು ಬ್ಲಾಕ್ ಓದುತ್ತಿದ್ದರೆ ಸತ್ತವನ ಪಾಲು 15 ಸೆಕೆಂಡ್. ಪರಿಹಾರ ಸರಳ. ಮೂರು ಸಲ ಉತ್ತರ ಬರದವನನ್ನು ಪಂಕ್ತಿಯಿಂದ ಎಬ್ಬಿಸಿ ಪಕ್ಕಕ್ಕೆ ಕೂರಿಸಿ. 30 ಸೆಕೆಂಡಿಗೊಮ್ಮೆ ಒಂದೇ ಒಂದು ಸಣ್ಣ ಪ್ರಶ್ನೆ ಕೇಳಿ. ಉತ್ತರ ಬಂದ ದಿನ ಮತ್ತೆ ಪಂಕ್ತಿಗೆ. ಕೆಲವು ರೆಡಿಮೇಡ್ ಓಪಿಸಿ ಸರ್ವರ್‌ಗಳಲ್ಲಿ (ಕಂಟ್ರೋಲರ್‌ಗಳನ್ನು ಓದಿ ಬೇರೆ ಸಾಫ್ಟ್‌ವೇರ್‌ಗೆ ಅಂಕಿ ಕೊಡುವ ಪ್ರೋಗ್ರಾಂಗಳು) ಇದಕ್ಕೆ 'ಆಟೋ ಡಿಮೋಷನ್' ಅಂತ ಸೆಟ್ಟಿಂಗ್ ಇರುತ್ತದೆ. ಆನ್ ಆಗಿದೆಯೇ ಅಂತ ಮಾತ್ರ ನೀವೇ ನೋಡಿಕೊಳ್ಳಬೇಕು.

ಇಷ್ಟು ಮಾಡಿದರೆ ಹ್ಯಾಂಗ್ ಹೋಗುತ್ತದೆ. ಆದರೆ ಇಲ್ಲೇ ನಿಲ್ಲಿಸಿದರೆ ನೀವು ಇನ್ನೂ ಕೆಟ್ಟ ಜಾಗಕ್ಕೆ ಬಂದಿರುತ್ತೀರಿ. ಹ್ಯಾಂಗ್ ಆದ ಸ್ಕ್ರೀನ್ 'ನನಗೇನೂ ಗೊತ್ತಿಲ್ಲ' ಅಂತ ಒಪ್ಪಿಕೊಳ್ಳುತ್ತದೆ. ಸರಾಗವಾಗಿ ಓಡುತ್ತಾ ಹಳಸಿದ ಅಂಕಿ ತೋರಿಸುವ ಸ್ಕ್ರೀನ್ ಸುಳ್ಳು ಹೇಳುತ್ತದೆ.

ಇದು ನನ್ನ ಕೈಯಿಂದಲೇ ಆಗಿದೆ. ಬೊಮ್ಮಸಂದ್ರ ಕಡೆ ಒಂದು ಶಾಪ್. ಥ್ರೆಡ್, ಟೇಬಲ್, ಗಡುವು ಎಲ್ಲ ಅಚ್ಚುಕಟ್ಟಾಗಿ ಮಾಡಿಕೊಟ್ಟು, ಹೆಮ್ಮೆಯಿಂದ ಬಂದಿದ್ದೆ. ಒಂದು ರಾತ್ರಿ ಪಾಳಿಯಲ್ಲಿ ಹಳೆಯ ಆಪರೇಟರ್ ಒಬ್ಬರು ಫೋನ್ ಮಾಡಿದರು. "ಸರ್, ಎರಡನೇ ಫರ್ನೇಸ್ ಒಂದು ಗಂಟೆಯಿಂದ 842 ಡಿಗ್ರಿ ತೋರಿಸ್ತಿದೆ."

"ಸೆಟ್‌ಪಾಯಿಂಟ್ ಎಷ್ಟು?"

"840. ಆದರೆ ಸರ್, ಈ ಫರ್ನೇಸ್ ಇಷ್ಟು ಸಾಧು ಅಲ್ಲ. ಒಂದೆರಡು ಡಿಗ್ರಿ ಆದ್ರೂ ಅಲ್ಲಾಡಬೇಕಲ್ಲ?"

ಅವರು ಹೇಳಿದ್ದು ಸರಿ. ಯಾರೋ ಪ್ರೋಗ್ರಾಂ ನೋಡಲು ಹೋಗಿ ಪಿಎಲ್‌ಸಿಯನ್ನು ಸ್ಟಾಪ್‌ನಲ್ಲಿ ಬಿಟ್ಟುಬಿಟ್ಟಿದ್ದರು. ಆ ಪಿಎಲ್‌ಸಿಯ ಈಥರ್‌ನೆಟ್ ಪೋರ್ಟ್ ಸ್ಟಾಪ್‌ನಲ್ಲೂ ಪ್ರಶ್ನೆಗೆ ಉತ್ತರ ಕೊಡುತ್ತಿತ್ತು, ರಿಜಿಸ್ಟರ್‌ನಲ್ಲಿ ಕೊನೆಗೆ ಉಳಿದ ಅಂಕಿಯನ್ನು. ಹೀಟರ್ ಔಟ್‌ಪುಟ್ ಆಫ್ ಆಗಿ ಫರ್ನೇಸ್ ತಣ್ಣಗಾಗುತ್ತಿತ್ತು. ನನ್ನ ಸ್ಕ್ರೀನ್ ಹಸಿರು ಬಣ್ಣದಲ್ಲಿ 842 ಅನ್ನುತ್ತಿತ್ತು. ನನ್ನ ಕೋಡಿನ ಪ್ರಕಾರ ಕನೆಕ್ಷನ್ ಇದೆ, ಉತ್ತರ ಬರುತ್ತಿದೆ, ಎಲ್ಲ ಸರಿ.

ಮಾಡ್‌ಬಸ್ ಹುಟ್ಟಿದ್ದು 1979ರಲ್ಲಿ. ಅದರಲ್ಲಿ ಅಂಕಿ ಮಾತ್ರ ಬರುತ್ತದೆ. ಅದು ಯಾವಾಗಿನದು, ನಂಬಬಹುದೇ ಅನ್ನುವುದು ಬರುವುದಿಲ್ಲ. ಆಮೇಲೆ ಬಂದ ಓಪಿಸಿಯಲ್ಲಿ ಪ್ರತಿ ಅಂಕಿಯ ಜೊತೆ ಸಮಯ ಮತ್ತು ಗುಣಮಟ್ಟದ ಗುರುತು ಇರುತ್ತದೆ: ಒಳ್ಳೆಯದು, ಕೆಟ್ಟದ್ದು, ಅನುಮಾನ ಅಂತ ಮೂರು ಬಗೆ. ನೀವು ಮಾಡ್‌ಬಸ್‌ನಲ್ಲಿರುವುದರಿಂದ ಇವೆರಡನ್ನೂ ನಿಮ್ಮ ಟೇಬಲ್‌ನಲ್ಲಿ ನೀವೇ ಸೇರಿಸಬೇಕು. ಜೊತೆಗೆ ಹಾರ್ಟ್‌ಬೀಟ್ ಬೇಕು. ಪಿಎಲ್‌ಸಿಯ ಲ್ಯಾಡರ್‌ನಲ್ಲಿ ಪ್ರತಿ ಸೆಕೆಂಡ್ ಒಂದು ಹೆಚ್ಚುವ ಕೌಂಟರ್ ಬರೆಯಿರಿ, ಅದನ್ನೂ ಓದಿ. ಅಂಕಿ ಬರುತ್ತಿದ್ದರೂ ಕೌಂಟರ್ 5 ಸೆಕೆಂಡ್‌ನಿಂದ ಅಲ್ಲಾಡದಿದ್ದರೆ ಪ್ರೋಗ್ರಾಂ ಓಡುತ್ತಿಲ್ಲ ಅಂತ ಅರ್ಥ. ಆ ಆಪರೇಟರ್ ಕಣ್ಣಲ್ಲಿ ಮಾಡಿದ ಕೆಲಸವನ್ನೇ ಈ ಕೌಂಟರ್ ಮಾಡುತ್ತದೆ.

ನಂಬಲಾಗದ ಅಂಕಿಯನ್ನು ಸ್ಕ್ರೀನ್‌ನಲ್ಲಿ ಹೇಗೆ ತೋರಿಸಬೇಕು? ಸೊನ್ನೆ ತೋರಿಸಬೇಡಿ, ಸೊನ್ನೆಯೂ ಒಂದು ತಾಪಮಾನವೇ. ಚಾರ್ಟ್‌ನಲ್ಲಿ ಗೆರೆ ನೆಲಕ್ಕೆ ಬಿದ್ದು ಫರ್ನೇಸ್ ತಣ್ಣಗಾದ ಹಾಗೆ ಕಾಣುತ್ತದೆ. ಕೊನೆಯ ಅಂಕಿಯನ್ನು ಬೂದು ಬಣ್ಣದಲ್ಲಿಟ್ಟು ಕೆಳಗೆ '14:32ರ ಅಂಕಿ' ಅಂತ ಹಾಕಿ. ಚಾರ್ಟ್‌ನಲ್ಲಿ ಆ ಜಾಗ ಖಾಲಿ ಬಿಡಿ, ಎರಡು ತುದಿಯನ್ನು ಗೆರೆ ಎಳೆದು ಸೇರಿಸಬೇಡಿ. ಅಲಾರಂ ಒಂದೇ ಇರಲಿ: 'ಮೂರನೇ ಫರ್ನೇಸ್ ಸಂಪರ್ಕ ಇಲ್ಲ'. ಆ ಪಿಎಲ್‌ಸಿಯ ಲೋ ಟೆಂಪರೇಚರ್, ಫ್ಯಾನ್ ಟ್ರಿಪ್, ಡೋರ್ ಓಪನ್ ಎಲ್ಲ ಒಟ್ಟಿಗೆ 40 ಸಾಲು ಕೆಂಪಾಗಿ ಬಂದರೆ ಆಪರೇಟರ್ ಮಾಡುವುದು ಒಂದೇ, ಎಲ್ಲವನ್ನೂ ಓದದೆ ಒಟ್ಟಿಗೆ ಅಕ್ನಾಲೆಜ್ ಒತ್ತುವುದು. ಅದರ ನಡುವೆ ಐದನೇ ಫರ್ನೇಸಿನ ನಿಜವಾದ ಅಲಾರಂ ಇದ್ದರೂ ಹೋಯಿತು.

ಬರೆಯುವ ಕಡೆಯ ಅಪಾಯ ಇದಕ್ಕಿಂತ ದೊಡ್ಡದು. ನಾನು ಒಮ್ಮೆ ಕಮಾಂಡ್‌ಗಳಿಗೆ ಕ್ಯೂ ಮಾಡಿದ್ದೆ. ಆಪರೇಟರ್ ಬಟನ್ ಒತ್ತಿದರೆ ಅದು ಕ್ಯೂಗೆ ಹೋಗುತ್ತದೆ, ಪಿಎಲ್‌ಸಿ ಸಿಕ್ಕಾಗ ತಲುಪುತ್ತದೆ. ಸ್ಕ್ರೀನ್ ಎಲ್ಲೂ ಕಾಯುವುದಿಲ್ಲ, ಎಷ್ಟು ಚೆಂದ ಅಲ್ವಾ? ಒಂದು ದಿನ ಕನ್ವೇಯರ್ ಪಿಎಲ್‌ಸಿಗೆ ಕರೆಂಟ್ ಹೋಯಿತು. ಆಪರೇಟರ್ ಸ್ಟಾರ್ಟ್ ಒತ್ತಿದ. ಓಡಲಿಲ್ಲ. ನಾಲ್ಕು ಸಲ ಒತ್ತಿದ. ಎಲೆಕ್ಟ್ರಿಷಿಯನ್ ಬಂದು ಪ್ಯಾನೆಲ್ ತೆಗೆದು, 20 ನಿಮಿಷ ಒದ್ದಾಡಿ ಫ್ಯೂಸ್ ಬದಲಾಯಿಸಿ ಎಂಸಿಬಿ ಎತ್ತಿದ. ಪಿಎಲ್‌ಸಿ ಎದ್ದಿತು, ಕ್ಯೂನಲ್ಲಿದ್ದ ನಾಲ್ಕೂ ಸ್ಟಾರ್ಟ್ ಹೋಗಿ ತಲುಪಿದವು, ಯಾರೂ ಮುಟ್ಟದೆ ಕನ್ವೇಯರ್ ಹೊರಟಿತು. ಅದರ ಹತ್ತಿರ ಆಗ ಯಾರೂ ಇರಲಿಲ್ಲ. ಇರಲಿಲ್ಲ ಅನ್ನುವುದು ನನ್ನ ಪುಣ್ಯ, ನನ್ನ ಜಾಣತನ ಅಲ್ಲ.

ಅಂದಿನಿಂದ ನಾನು ಬರೆಯುವ ಪ್ರತಿ ಕಮಾಂಡ್‌ಗೂ ಆಯಸ್ಸು ಇರುತ್ತದೆ, 2 ಸೆಕೆಂಡ್. ಅಷ್ಟರೊಳಗೆ ತಲುಪದಿದ್ದರೆ ಕಸದ ಬುಟ್ಟಿಗೆ, ಆಪರೇಟರ್‌ಗೆ 'ತಲುಪಲಿಲ್ಲ' ಅಂತ ಸುದ್ದಿ. ಸಂಪರ್ಕ ಇಲ್ಲದ ಫರ್ನೇಸಿನ ಬಟನ್‌ಗಳು ಒತ್ತಲೇ ಬಾರದ ಹಾಗೆ ಮಂಕಾಗಿರುತ್ತವೆ. ಗಡುವು ಮೀರಿದ ರೈಟ್ ಅನ್ನು ಕಣ್ಣು ಮುಚ್ಚಿ ಮತ್ತೆ ಕಳಿಸುವುದಿಲ್ಲ. ಕಮಾಂಡ್ ತಲುಪಿ ಉತ್ತರ ಮಾತ್ರ ಕಳೆದುಹೋಗಿರಬಹುದು. ಆದ್ದರಿಂದ 'ಇದ್ದದ್ದನ್ನು ತಿರುಗಿಸು', '5 ಡಿಗ್ರಿ ಏರಿಸು' ಅನ್ನುವ ಬಗೆಯ ಕಮಾಂಡ್ ಬೇಡ. 'ಆನ್ ಆಗು', '845 ಆಗು' ಅನ್ನಿ. ಎರಡು ಸಲ ಹೋದರೂ ಕೆಡುವುದಿಲ್ಲ. ಹೋದ ಮೇಲೆ ವಾಪಸ್ ಓದಿ ಖಾತ್ರಿ ಮಾಡಿಕೊಳ್ಳಿ.

ಉಲ್ಟಾ ಕೂಡ ನೋಡಬೇಕು. ಪಿಸಿ ಸತ್ತರೆ ಫರ್ನೇಸ್ ಏನು ಮಾಡುತ್ತದೆ? ತಾಪಮಾನ ಹಿಡಿಯುವುದು, ಸೋಕ್ ಟೈಮ್ (ಆ ತಾಪಮಾನದಲ್ಲಿ ಹಿಡಿದಿಡುವ ಹೊತ್ತು) ಎಣಿಸುವುದು ಪಿಎಲ್‌ಸಿಯಲ್ಲೇ ಇರಬೇಕು. ಓವರ್ ಟೆಂಪರೇಚರ್ ಕಟ್ಆಫ್ ಪಿಎಲ್‌ಸಿಯನ್ನೂ ನಂಬದೆ, ಬೇರೆ ಥರ್ಮೋಕಪಲ್ (ತಾಪ ಅಳೆಯುವ ಸೆನ್ಸರ್) ಮತ್ತು ಬೇರೆ ಕಂಟ್ರೋಲರ್ ಮೂಲಕ ನೇರವಾಗಿ ಮೇನ್ ಕಾಂಟ್ಯಾಕ್ಟರ್ ಬೀಳಿಸಿ ಹೀಟರ್ ಆಫ್ ಮಾಡಬೇಕು. ಎಮರ್ಜೆನ್ಸಿ ಸ್ಟಾಪ್ ತಂತಿಯಲ್ಲೇ ಇರಬೇಕು, ಸಾಫ್ಟ್‌ವೇರ್‌ನಲ್ಲಿ ಅಲ್ಲ. ನಿಮ್ಮಲ್ಲಿ ಇದು ಹೀಗೆಯೇ ಇರಬಹುದು, ಆದರೂ ಡ್ರಾಯಿಂಗ್ ತೆಗೆದು ಒಮ್ಮೆ ನೋಡಿ.

ಎಲ್ಲವನ್ನೂ ಒಂದೇ ಸಲ ಮಾಡಲು ನಿಮಗೆ ಸಮಯ ಸಿಗಲಿಕ್ಕಿಲ್ಲ, ಉತ್ಪಾದನೆ ನಿಲ್ಲಿಸುವ ಹಾಗಿಲ್ಲ. ತುರ್ತಿಗೆ ಒಂದು ದಿನದ ಕೆಲಸ ಇದೆ: ಈಗಿನ ಕೋಡಿನಲ್ಲೇ ಕನೆಕ್ಟ್‌ಗೆ 1 ಸೆಕೆಂಡ್ ಗಡುವು ಕಟ್ಟಿ, ಸೋತವನನ್ನು 30 ಸೆಕೆಂಡ್ ಕೇಳದಿರಿ. ಸ್ಕ್ರೀನ್ 30 ಸೆಕೆಂಡಿಗೊಮ್ಮೆ ಒಂದು ಸಲ ತಡವರಿಸುತ್ತದೆ, ಆದರೆ ಹ್ಯಾಂಗ್ ಆಗುವುದಿಲ್ಲ, ಚಾರ್ಟ್ ತಪ್ಪುವುದಿಲ್ಲ. ಇದು ತಾತ್ಕಾಲಿಕ. ಇದನ್ನೇ ಶಾಶ್ವತ ಮಾಡಿಕೊಳ್ಳುವ ಚಪಲ ಎಲ್ಲರಿಗೂ ಬರುತ್ತದೆ, ಎರಡು ಪ್ಯಾನೆಲ್ ಒಟ್ಟಿಗೆ ಬಿದ್ದ ದಿನ ಬುದ್ಧಿ ಬರುತ್ತದೆ.

ಆಮೇಲೆ ಥ್ರೆಡ್‌ಗಳನ್ನು ಬೇರೆ ಮಾಡುವ ಕೆಲಸ. ನಿಮಗೆ ಅಷ್ಟೋ ಇಷ್ಟೋ ಬರುತ್ತದೆ ಅಂದಿದ್ದೀರಿ. ಥ್ರೆಡ್‌ನ ತಪ್ಪುಗಳು ತಿಂಗಳಿಗೊಮ್ಮೆ ಮಾತ್ರ ಮುಖ ತೋರಿಸುವ ಜಾತಿಯವು, ಹಾಗಾಗಿ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನನ್ನನ್ನು ಕೇಳಿದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಓದುವ ಮತ್ತು ದಾಖಲಿಸುವ ಭಾಗವನ್ನು ವಿಂಡೋಸ್ ಸರ್ವಿಸ್ (ಸ್ಕ್ರೀನ್ ಇಲ್ಲದೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಆಗಿ ಬೇರೆಯೇ ಮಾಡುತ್ತೇನೆ. ಆಗ ಆಪರೇಟರ್ ಸ್ಕ್ರೀನ್ ಮುಚ್ಚಿದರೂ ಚಾರ್ಟ್ ನಡೆಯುತ್ತದೆ. ತೊಂದರೆ ಏನೆಂದರೆ, ಸರ್ವಿಸ್ ನಿಂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಕ್ರೀನ್ ಅದರ ಹಾರ್ಟ್‌ಬೀಟನ್ನೂ ನೋಡಬೇಕು. ರೆಡಿಮೇಡ್ ಸ್ಕಾಡಾ (ಯಂತ್ರಗಳನ್ನು ಸ್ಕ್ರೀನ್‌ನಲ್ಲಿ ನೋಡಿ ನಡೆಸುವ ಸಾಫ್ಟ್‌ವೇರ್) ತೆಗೆದುಕೊಳ್ಳುವುದೂ ಒಂದು ದಾರಿ. ಮೇಲಿನ ಬಹಳಷ್ಟು ಅದರಲ್ಲಿ ಸಿದ್ಧವಾಗಿರುತ್ತದೆ. ಲೈಸೆನ್ಸ್ ದುಡ್ಡು, ಪರದೆಗಳನ್ನೆಲ್ಲ ಮತ್ತೆ ಮಾಡುವ ಕೆಲಸ ನಿಮ್ಮ ತಲೆ ಮೇಲೆ. ಸ್ಕಾಡಾ ಆದರೂ ಅದರೊಳಗೆ ಬರೆಯುವ ಸ್ಕ್ರಿಪ್ಟ್‌ನಲ್ಲಿ ನೀವೇ ಕಾಯುತ್ತಾ ನಿಂತರೆ ಅದೂ ಹ್ಯಾಂಗ್ ಆಗುತ್ತದೆ.

ಇನ್ನು ಆ 40 ನಿಮಿಷ. ನಿಮಗೆ ನಷ್ಟ ಮಾಡಿದ್ದು ನಿಜವಾಗಿ ಅದು. ಚಾರ್ಟ್‌ಗೆ ಪಿಸಿ ಒಂದನ್ನೇ ನಂಬಬೇಡಿ. ಪಿಎಲ್‌ಸಿಯಲ್ಲೇ ನಿಮಿಷಕ್ಕೊಂದು ತಾಪಮಾನದಂತೆ ಕೊನೆಯ 8 ಗಂಟೆ ಇಟ್ಟರೆ 480 ರಿಜಿಸ್ಟರ್ ಸಾಕು. ಮಾಡ್‌ಬಸ್‌ನಲ್ಲಿ ಒಂದು ಸಲಕ್ಕೆ 125 ರಿಜಿಸ್ಟರ್ ತನಕ ಓದಬಹುದು, ನಾಲ್ಕು ಪ್ರಶ್ನೆಯಲ್ಲಿ ಇಡೀ ಪಾಳಿ ವಾಪಸ್ ಬರುತ್ತದೆ. ಪಿಸಿ ಎದ್ದ ಮೇಲೆ ಖಾಲಿ ಜಾಗ ತಾನೇ ತುಂಬಿಕೊಳ್ಳಲಿ. ಪ್ಯಾನೆಲ್ ಮೇಲೆ ಸಣ್ಣ ಪೇಪರ್‌ಲೆಸ್ ರೆಕಾರ್ಡರ್ ಕೂರಿಸಿದರೂ ಆಯಿತು. ಹೊಸ ಪಿಸಿಗೆ ಅಂತ ಮಾಲೀಕರು ಎತ್ತಿಟ್ಟ ದುಡ್ಡು ಇದಕ್ಕೆ, ಎರಡು ಸ್ಪೇರ್ ಎಸ್‌ಎಂಪಿಎಸ್‌ಗೆ ಮತ್ತು ಪ್ಯಾನೆಲ್‌ಗಳ 24 ವೋಲ್ಟ್ ಲೈನನ್ನು ಯುಪಿಎಸ್‌ಗೆ ಹಾಕಲು ಹೋಗಲಿ. ನಮ್ಮ ಕಡೆ ಎಲ್ಲೆಲ್ಲೂ ಪಿಸಿಗೆ ಮಾತ್ರ ಯುಪಿಎಸ್ ಇರುತ್ತದೆ. ಬೆಸ್ಕಾಂ ಕರೆಂಟ್ ಹೋಗಿ ಡೀಸೆಲ್ ಜನರೇಟರ್ ಎದ್ದೇಳುವ ಆ ಕೆಲವು ಸೆಕೆಂಡ್‌ನಲ್ಲಿ ಪಿಸಿ ಬದುಕಿರುತ್ತದೆ, ಆರೂ ಪಿಎಲ್‌ಸಿ ಸತ್ತಿರುತ್ತವೆ. ನಿಮ್ಮ ಈಗಿನ ಕೋಡಿಗೆ ಅದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ.

ಪರೀಕ್ಷೆ ಅಂದ ಮೇಲೆ, ಈ ಸಲ ಪಿಸಿ ಹಿಂದಿನ ಕೇಬಲ್ ಮುಟ್ಟಬೇಡಿ. ಭಾನುವಾರ ಫರ್ನೇಸ್‌ಗಳು ತಣ್ಣಗಿರುವಾಗ, ಹೀಟರ್ ಪವರ್ ಬೀಗ ಹಾಕಿ ಬೋರ್ಡ್ ತೂಗುಹಾಕಿದ ಮೇಲೆ, ಮೂರನೇ ಪ್ಯಾನೆಲಿನ ಕಂಟ್ರೋಲ್ ಎಂಸಿಬಿ ಇಳಿಸಿ. ಒಬ್ಬರು ಪ್ಯಾನೆಲ್ ಹತ್ತಿರ, ಒಬ್ಬರು ಸ್ಕ್ರೀನ್ ಮುಂದೆ, ಮೊಬೈಲ್‌ನಲ್ಲಿ ಮಾತಾಡುತ್ತಾ. ಎಷ್ಟು ಸೆಕೆಂಡ್‌ಗೆ ಬೂದು ಬಣ್ಣ ಬಂತು, ಐದನೇದರ ಗೆರೆ ನಡೆಯುತ್ತಿದೆಯೇ, ಬರೆದುಕೊಳ್ಳಿ. ಆಮೇಲೆ ಸ್ವಿಚ್ ಹತ್ತಿರ ಪಿಎಲ್‌ಸಿಯ ಕೇಬಲ್ ಕಿತ್ತು ನೋಡಿ. ಆಮೇಲೆ ಪಿಎಲ್‌ಸಿಯನ್ನು ಸ್ಟಾಪ್‌ಗೆ ಹಾಕಿ ನೋಡಿ. ಕೊನೆಗೆ ಎಂಸಿಬಿಯನ್ನು ಐದು ಸಲ ಬೇಗ ಬೇಗ ಇಳಿಸಿ ಏರಿಸಿ, ಸ್ಕ್ರೀನ್‌ನಲ್ಲಿ ಮೂರನೇ ಫರ್ನೇಸಿನ ಸ್ಟಾರ್ಟ್ ಒತ್ತುತ್ತಾ ಇರಿ. ಹಳೆಯ ಎಸ್‌ಎಂಪಿಎಸ್ ಒಂದರ ಮೇಲೆ ಈ ಕೊನೆಯ ಆಟ ಆಡಬೇಡಿ, ಸ್ಪೇರ್ ಕೈಯಲ್ಲಿದ್ದರೆ ಮಾತ್ರ.